ಯಾವ ಮಗ್ಗುಲು ಮೇಲಿತ್ತು?

ಆಮೆ ಮೊಟ್ಟೆ ಸಿಕ್ಕಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎತ್ತಿಕೊಂಡಾಗ ಯಾವ ಮಗ್ಗುಲು ಮೇಲಿತ್ತು? ಹೆಚ್ಚಿನವರಿಗೆ ಅದು ನೆನಪಿರುವುದಿಲ್ಲ. ಮಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಬಕೆಟ್‌ನಲ್ಲಿ ತುಂಬಿಕೊಂಡು ಬಂದಿರುತ್ತಾರೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿರುತ್ತಾರೆ. ಇವುಗಳಲ್ಲಿ ಎಷ್ಟೋ ಮೊಟ್ಟೆ ಒಡೆದು ಮರಿ ಬರಲಿಕ್ಕಿಲ್ಲ ಎಂದು ಅವರ ಮುಖ ನೋಡಿ ಹೇಳುವುದು ನನಗೆ ಇವತ್ತಿಗೂ ಕಷ್ಟ.

ಕೋಳಿ ಮೊಟ್ಟೆ ನೋಡಿದ ಅಭ್ಯಾಸ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಾವಿಗೆ ಕೂತ ಕೋಳಿ ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತದೆ, ಅಲ್ವಾ? ಆ ಮೊಟ್ಟೆಯೊಳಗೆ ಹಳದಿಯನ್ನು ಎರಡೂ ತುದಿಯಿಂದ ಹಿಡಿದಿಡುವ, ಹುರಿಗೊಂಡ ಲೋಳೆಯ ಎಳೆಗಳಿವೆ. ಆಮೆ ಮೊಟ್ಟೆಯಲ್ಲಿ ಆ ಎಳೆಗಳಿಲ್ಲ. ಇಟ್ಟು ಸುಮಾರು ಒಂದು ದಿನ ಕಳೆಯುವಷ್ಟರಲ್ಲಿ ಭ್ರೂಣ ಹಳದಿಯ ನೆತ್ತಿಯ ಮೇಲೆ ನಿಂತು, ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಗಟ್ಟಿ ಚಿಪ್ಪಿನ ಮೊಟ್ಟೆಗಳಲ್ಲಿ ಇದು ಹೊರಗಿನಿಂದಲೂ ಕಾಣುತ್ತದೆ. ಮೇಲ್ಭಾಗದಲ್ಲಿ ಸುಣ್ಣ ಹಚ್ಚಿದಂಥ ಒಂದು ಬಿಳಿ ಮಚ್ಚೆ ಮೂಡಿ, ದಿನ ಕಳೆದಂತೆ ಹರಡುತ್ತದೆ. ಆಮೇಲೆ ಮೊಟ್ಟೆ ತಲೆಕೆಳಗಾದರೆ ನವಿರಾದ ಪೊರೆ ಹರಿಯಬಹುದು, ಅಥವಾ ಹಳದಿಯ ಭಾರ ಭ್ರೂಣದ ಮೇಲೆ ಬೀಳಬಹುದು. ಹಾಗಾಗಿ ಮೊಟ್ಟೆಯನ್ನು ಮುಟ್ಟಲೇಬೇಕಾಗಿ ಬಂದರೆ, ಎತ್ತುವ ಮೊದಲೇ ಮೇಲಿನ ಮಗ್ಗುಲಿಗೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಬೇಕು. ಕೊನೆಯವರೆಗೂ ಆ ಗುರುತು ಮೇಲೇ ಇರಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಸೊಗಸು. ತಾಯಿಯ ಹೊಟ್ಟೆಯಲ್ಲಿರುವಾಗ ಭ್ರೂಣ ಒಂದು ಹಂತದವರೆಗೆ ಬೆಳೆದು ಸುಮ್ನೆ ನಿಂತುಬಿಡುತ್ತದೆ. ಅಂಡನಾಳದೊಳಗೆ ಆಮ್ಲಜನಕ ತೀರಾ ಕಡಿಮೆ, ಅದೇ ಕಾರಣ. ಮೊಟ್ಟೆ ಹೊರಗೆ ಬಂದು ಗಾಳಿ ತಾಕಿದ ಮೇಲೆ ಬೆಳವಣಿಗೆ ಮತ್ತೆ ಶುರು. ತಾಯಿಗೆ ಇದರಿಂದ ಕಾಯುವ ಅವಕಾಶ ಸಿಗುತ್ತದೆ: ಮಳೆ ಬರಲಿ, ಮಣ್ಣು ಮೆತ್ತಗಾಗಲಿ, ಸರಿಯಾದ ಜಾಗ ಸಿಗಲಿ. ಉತ್ತರ ಆಸ್ಟ್ರೇಲಿಯಾದ ಒಂದು ಹಾವುಕತ್ತಿನ ಆಮೆ ನೀರಿನಡಿಯ ಕೆಸರಿನಲ್ಲೇ ಮೊಟ್ಟೆ ಇಡುತ್ತದೆ. ನೀರು ಇಂಗಿ ನೆಲ ಒಣಗುವವರೆಗೆ ಭ್ರೂಣ ಒಳಗೆ ತಡೆದುಕೊಂಡೇ ಇರುತ್ತದೆ. ಬೇರೆ ಆಮೆಗಳ ಮೊಟ್ಟೆ ಹಾಗೆ ಮುಳುಗಿಯೇ ಇದ್ದರೆ ಸಾಯುತ್ತವೆ.

ಆಮೆ ಗೂಡು ತೋಡುವುದನ್ನು ಒಮ್ಮೆಯಾದರೂ ದೂರದಲ್ಲಿ ಕೂತು ನೋಡಬೇಕು. ನೀರಲ್ಲೇ ಬದುಕುವ ಪ್ರಾಣಿ ಇದೊಂದು ಕೆಲಸಕ್ಕೆ ನೆಲ ಹತ್ತುತ್ತದೆ. ನೆಲ ಗಟ್ಟಿಯಿದ್ದರೆ ಮೂತ್ರಕೋಶದಲ್ಲಿ ತುಂಬಿಕೊಂಡು ಬಂದ ನೀರನ್ನು ಸುರಿದು ಮಣ್ಣು ನೆನೆಸುತ್ತದೆ. ತೋಡುವುದು ಹಿಂಗಾಲುಗಳಲ್ಲಿ ಮಾತ್ರ, ಒಂದಾದ ಮೇಲೊಂದು ಕಾಲು. ಗುಂಡಿಯನ್ನು ತಿರುಗಿ ನೋಡುವುದೇ ಇಲ್ಲ. ಆದರೂ ಬಾಯಿ ಕಿರಿದಾಗಿ, ಒಳಗೆ ಅಗಲವಾಗಿ, ಹೂಜಿಯಂಥ ಗುಂಡಿ ಆಗುತ್ತದೆ. ಮೊಟ್ಟೆ ಇಟ್ಟು, ಮುಚ್ಚಿ, ಹೊಟ್ಟೆಯ ಚಿಪ್ಪಿನಿಂದ ಮಣ್ಣು ಒತ್ತಿ ಹೊರಟರೆ ಬಹುತೇಕ ಜಾತಿಗಳಲ್ಲಿ ತಾಯಿಯ ಪಾತ್ರ ಮುಗಿಯಿತು. ಕಾವು ಕೊಡುವುದು ಮಣ್ಣು.

ಆ ಕಾವೇ ಹೆಚ್ಚಿನ ಜಾತಿಗಳಲ್ಲಿ ಗಂಡೋ ಹೆಣ್ಣೋ ಎಂದು ನಿರ್ಧರಿಸುತ್ತದೆ. ಕೆಂಪು ಕಿವಿಯ ಸ್ಲೈಡರ್ ಎಂಬ ಆಮೆಯ ಮೊಟ್ಟೆಗಳನ್ನು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಗಂಡು, 31ರಲ್ಲಿ ಇಟ್ಟರೆ ಹೆಣ್ಣು. ನಡುವೆ ಎಲ್ಲೋ ಎರಡೂ ಬೆರೆಯುತ್ತವೆ. ಕಾವಿನ ಅವಧಿಯನ್ನು ಮೂರು ಪಾಲು ಮಾಡಿದರೆ, ನಡುವಿನ ಪಾಲಿನಲ್ಲಿ ಇದು ತೀರ್ಮಾನವಾಗುತ್ತದೆ. ಸ್ನ್ಯಾಪಿಂಗ್ ಆಮೆಯದು ಬೇರೆಯೇ ಲೆಕ್ಕ: ತಂಪಾದರೂ ಹೆಣ್ಣು, ಬಿಸಿಯಾದರೂ ಹೆಣ್ಣು, ಮಧ್ಯದಲ್ಲಿ ಗಂಡು. ಮೆದುಚಿಪ್ಪಿನ ಆಮೆಗಳಂಥ ಕೆಲವು ಗುಂಪುಗಳಲ್ಲಿ ನಮ್ಮ ಹಾಗೆ ಕ್ರೋಮೋಸೋಮುಗಳೇ ಇದನ್ನು ನಿರ್ಧರಿಸುತ್ತವೆ. ಕಾವುಪೆಟ್ಟಿಗೆಯಲ್ಲಿ ಒಂದೇ ಉಷ್ಣತೆ ಇಟ್ಟು ಮರಿ ಮಾಡಿಸಿ, ಎಲ್ಲ ಮರಿಗಳೂ ಒಂದೇ ಲಿಂಗದವು ಎಂದು ವರ್ಷಗಳ ಮೇಲೆ ತಿಳಿದು ಸಪ್ಪಗಾದವರನ್ನು ನಾನು ನೋಡಿದ್ದೇನೆ.

ಗಾಜಿನ ತೊಟ್ಟಿಯಲ್ಲಿ ಸಾಕಿದ ಹೆಣ್ಣಾಮೆಗಳ ಬಗ್ಗೆಯೂ ಹೇಳಲೇಬೇಕು. ಗಂಡು ಜೊತೆಗಿಲ್ಲದಿದ್ದರೂ ಅವು ಮೊಟ್ಟೆ ಕಟ್ಟುತ್ತವೆ. ಹಿಂದೆ ಗಂಡಿನ ಜೊತೆ ಸೇರಿದ್ದರೆ ಆ ವೀರ್ಯವನ್ನು ವರ್ಷಗಟ್ಟಲೆ ಒಳಗೆ ಉಳಿಸಿಕೊಂಡು ಬಳಸಬಲ್ಲವು. ನನ್ನ ಬಳಿ ಬರುವ ದೂರು ಹೀಗಿರುತ್ತದೆ: ಊಟ ಬಿಟ್ಟಿದೆ, ರಾತ್ರಿಯೆಲ್ಲ ಮೂಲೆಯ ಗಾಜು ಕೆರೆಯುತ್ತದೆ, ತಪ್ಪಿಸಿಕೊಳ್ಳಲು ನೋಡುತ್ತಿದೆ. ಎಕ್ಸ್‌ರೇ ತೆಗೆದರೆ ಹೊಟ್ಟೆ ತುಂಬ ಮೊಟ್ಟೆ. ಅದು ಹುಡುಕುತ್ತಿದ್ದುದು ಮಣ್ಣು. ಎಷ್ಟೋ ಸಲ ಕಾಲು ಊರಿ ತೋಡುವಷ್ಟು ಆಳದ ತೇವದ ಮರಳು, ಸ್ವಲ್ಪ ಮರೆ ಸಿಕ್ಕರೆ ಸಾಕು, ತಾನೇ ಇಡುತ್ತದೆ. ಇಲ್ಲದಿದ್ದರೆ ಕ್ಯಾಲ್ಸಿಯಂ, ಮೊಟ್ಟೆಯನ್ನು ಹೊರದೂಡಿಸುವ ಆಕ್ಸಿಟೋಸಿನ್ ಹಾರ್ಮೋನು, ಕೊನೆಗೆ ಶಸ್ತ್ರಚಿಕಿತ್ಸೆ. ತಡಮಾಡಿ ತಂದು ಉಳಿಯದೆ ಹೋದವೂ ಇವೆ.

ಮೊಟ್ಟೆಗಿಂತ ತಾಯಿಯ ಬಗ್ಗೆ ನನಗೆ ಚಿಂತೆ ಜಾಸ್ತಿ. ಗೂಡನ್ನು ನರಿ, ಉಡ, ಕಾಗೆ ಅಗೆದು ತಿನ್ನುವುದು ಹೊಸದಲ್ಲ. ಆ ನಷ್ಟವನ್ನು ಆಮೆ ದೀರ್ಘಾಯಸ್ಸಿನಿಂದ ತುಂಬಿಕೊಳ್ಳುತ್ತದೆ. ಉತ್ತರ ಅಮೆರಿಕದ ಬ್ಲ್ಯಾಂಡಿಂಗ್ ಆಮೆಯನ್ನೇ ನೋಡಿ. ಮಿಶಿಗನ್‌ನಲ್ಲಿ 1950ರ ದಶಕದಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನದಲ್ಲಿ, ಹೆಣ್ಣು ಮೊದಲ ಸಲ ಮೊಟ್ಟೆ ಇಡಲು 14ರಿಂದ 20 ವರ್ಷ ಬೇಕೆಂದು ಗೊತ್ತಾಯಿತು. 70 ದಾಟಿದ ಮೇಲೂ ಮೊಟ್ಟೆ ಇಟ್ಟ ಹೆಣ್ಣುಗಳಿವೆ. ಅಂಥ ಒಂದು ಹೆಣ್ಣು ಗೂಡಿನ ಜಾಗ ಹುಡುಕುತ್ತ ರಸ್ತೆ ದಾಟುವಾಗ ಚಕ್ರಕ್ಕೆ ಸಿಕ್ಕರೆ, ಆ ಜಾಗ ತುಂಬಲು ಇನ್ನೊಂದು ಹೆಣ್ಣು ಅಷ್ಟೂ ವರ್ಷ ಬದುಕಿ ಬೆಳೆಯಬೇಕು. ರಸ್ತೆಯಲ್ಲಿ ಆಮೆ ಕಂಡರೆ ಅದು ಮುಖ ಮಾಡಿದ ದಿಕ್ಕಿಗೇ ದಾಟಿಸಿ. ಹಿಂದಕ್ಕೆ ಬಿಟ್ಟರೆ ಮತ್ತೆ ಅದೇ ರಸ್ತೆಗೆ ಬರುತ್ತದೆ.

ಗಾಯಗೊಂಡದ್ದಿದ್ದರೆ, ಸತ್ತಂತೆ ಕಂಡರೂ, ಬೇಗ ತನ್ನಿ. ತಾಯಿ ಉಳಿಯದಿದ್ದರೂ ಹೊಟ್ಟೆಯೊಳಗಿನ ಮೊಟ್ಟೆ ಒಡೆಯದೆ ಇರಬಹುದು. ಭ್ರೂಣ ಅಲ್ಲಿ ಇನ್ನೂ ತಡೆದು ನಿಂತಿರುತ್ತದೆ. ತಡವಾಗದೆ ಹೊರತೆಗೆದು, ತೇವದ ವರ್ಮಿಕ್ಯುಲೈಟ್‌ನಲ್ಲಿ (ನೀರು ಹಿಡಿದಿಡುವ ಹಗುರ ಖನಿಜದ ಪುಡಿ) ಅರ್ಧ ಹೂತು ಗುರುತು ಹಾಕಿಟ್ಟರೆ ಕೆಲವಾದರೂ ಒಡೆದು ಮರಿ ಬರುತ್ತವೆ. ಮರಿ ಚಿಪ್ಪು ಸೀಳಿದ ಮೇಲೂ ಒಂದೆರಡು ದಿನ ಒಳಗೇ ಕೂತಿರಬಹುದು. ಆಗ ಎಳೆದು ತೆಗೆಯಬೇಡಿ. ಹೊಟ್ಟೆಯ ಮೇಲೆ ಹಳದಿಯ ಚೀಲ ಇನ್ನೂ ಇರುತ್ತದೆ, ಅದು ಒಳಗೆ ಸೇರಿಕೊಳ್ಳಲು ಆ ಸಮಯ ಬೇಕು.