ಹೆಸರು ಅಳಿದರೂ ಉಳಿಯುವ ಫೈಲು

ಹಳೆಯ ಲಿನಕ್ಸ್ ಯಂತ್ರವೊಂದರ ಡಿಸ್ಕು ಒಂದು ರಾತ್ರಿ ಪೂರ್ತಿ ತುಂಬಿಹೋಯಿತು. ಏನನ್ನು ಉಳಿಸಲು ಹೋದರೂ ಜಾಗವಿಲ್ಲವೆಂಬ ಒಂದೇ ಉತ್ತರ ಬರುತ್ತಿತ್ತು. ಹುಡುಕುತ್ತ ಹೋದಾಗ, ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಮೊಂದರ ಲಾಗ್ ಫೈಲು, ಅಂದರೆ ಅದು ತನ್ನ ಆಗುಹೋಗುಗಳನ್ನು ಬರೆದಿಡುವ ದಾಖಲೆ, 7 ಜಿಬಿಯಷ್ಟು ಬೆಳೆದಿರುವುದು ಕಣ್ಣಿಗೆ ಬಿತ್ತು. ಫೈಲು ಅಳಿಸುವ ಆರ್‌ಎಂ (rm) ಆದೇಶ ಕೊಟ್ಟು ಅದನ್ನು ಅಳಿಸಿದೆ. ಪಟ್ಟಿಯಿಂದ ಫೈಲು ಮಾಯವಾಯಿತು. ಆದರೆ ಡಿಸ್ಕಿನ ಜಾಗದ ಲೆಕ್ಕ ಹೇಳುವ ಡಿಎಫ್ (df) ಆದೇಶದ ಪ್ರಕಾರ ಡಿಸ್ಕು ಮೊದಲಿನಂತೆಯೇ ಶೇ. 100 ಭರ್ತಿಯಾಗಿತ್ತು. 20 ಜಿಬಿಯ ಆ ವಿಭಾಗದಲ್ಲಿ 19 ಜಿಬಿ ಬಳಕೆಯಾಗಿದೆ ಎಂದು ಡಿಎಫ್ ಹೇಳಿದರೆ, ಫೈಲುಗಳನ್ನು ಒಂದೊಂದಾಗಿ ಎಣಿಸಿ ಕೂಡಿಸುವ ಡಿಯು (du) ಆದೇಶ 12 ಜಿಬಿ ಎನ್ನುತ್ತಿತ್ತು. ಉಳಿದ 1 ಜಿಬಿ, ಅಂದರೆ ಶೇ. 5ರಷ್ಟು, ನಿರ್ವಾಹಕನಿಗೆಂದು ಕಾದಿರಿಸಿದ ಜಾಗವಾದ್ದರಿಂದ ಅದರಲ್ಲಿ ಗೊಂದಲವಿರಲಿಲ್ಲ. ಗೊಂದಲವಿದ್ದದ್ದು ನಡುವಿನ 7 ಜಿಬಿಯ ವಿಷಯದಲ್ಲಿ.

ಇಂಥ ಹೊತ್ತಿನಲ್ಲಿ ಸುತ್ತಲಿನವರಿಂದ ಬರುವ ಸಲಹೆ ಒಂದೇ: ಯಂತ್ರವನ್ನು ಆರಿಸಿ ಹೊತ್ತಿಸಿ, ಎಲ್ಲ ಸರಿಹೋಗುತ್ತದೆ. ನಿಜ, ಸರಿಹೋಗುತ್ತದೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸಂಬಂಧವಿಲ್ಲದಿದ್ದರೆ ಅದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಬಹುದಿತ್ತು. ಇಲ್ಲಿ ಟೊಂಗೆಯನ್ನು ಮುರಿಯುವುದು ಕಾಗೆಯೇ. ಆದರೆ ಏಕೆ ಮುರಿಯಿತೆಂದು ಯಾರೂ ಕೇಳದಿರುವುದರಿಂದ, ಫಲ ಕೊಡುವ ಮದ್ದೊಂದು ಮಂತ್ರವಾಗಿ ಮಾರ್ಪಟ್ಟಿದೆ. ನನ್ನ ಕಳವಳ ಇರುವುದು ಇಲ್ಲೇ.

ತಪ್ಪು ತಿಳಿವಳಿಕೆ ಹುಟ್ಟುವುದು ‘ಅಳಿಸು’ ಎಂಬ ಪದದಿಂದಲೇ. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಫೈಲನ್ನು ಅಳಿಸುವ ಕರೆಯೇ (ಪ್ರೋಗ್ರಾಮು ವ್ಯವಸ್ಥೆಗೆ ಸಲ್ಲಿಸುವ ಕೋರಿಕೆ) ಇಲ್ಲ. ಆರ್‌ಎಂ ಒಳಗಿನಿಂದ ಕೂಗುವುದು ‘ಅನ್‌ಲಿಂಕ್’ ಎಂಬ ಕರೆಯನ್ನು, ಎಂದರೆ ‘ಕೊಂಡಿ ಕಳಚು’ ಎಂದು. 1971ರ ನವೆಂಬರಿನಲ್ಲಿ ಹೊರಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೂ ಅದರ ಹೆಸರು ಇದೇ. ಯಾವುದರ ಕೊಂಡಿ ಯಾವುದರಿಂದ ಕಳಚುತ್ತದೆ ಎಂಬುದು ತಿಳಿದರೆ ಮೇಲಿನ ಒಗಟು ಅರ್ಧ ಬಿಡಿಸಿದಂತೆ.

ಡೈರೆಕ್ಟರಿಯೆಂದರೆ ಫೈಲುಗಳನ್ನು ತುಂಬಿಟ್ಟ ಪೆಟ್ಟಿಗೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಎರಡೇ ಕಲಮುಗಳಿರುವ ಒಂದು ರಿಜಿಸ್ಟರು. 1979ರಲ್ಲಿ ಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಆ ರಿಜಿಸ್ಟರಿನ ಪ್ರತಿ ಸಾಲೂ ಸರಿಯಾಗಿ 16 ಬೈಟ್‌ಗಳಷ್ಟಿತ್ತು: 2 ಬೈಟ್ ಒಂದು ಸಂಖ್ಯೆಗೆ, 14 ಬೈಟ್ ಹೆಸರಿಗೆ. ಆ ಸಂಖ್ಯೆ ‘ಐನೋಡ್’ ಎಂಬ ದಾಖಲೆಯ ಕ್ರಮಾಂಕ. ಫೈಲಿನ ಒಡೆಯ ಯಾರು, ಅನುಮತಿಗಳೇನು, ಗಾತ್ರವೆಷ್ಟು, ಕೊನೆಯ ಬಾರಿ ಬದಲಾದದ್ದು ಯಾವಾಗ, ಮಾಹಿತಿ ಡಿಸ್ಕಿನ ಯಾವ ಯಾವ ತುಂಡುಗಳಲ್ಲಿದೆ ಎಂಬುದೆಲ್ಲ ಐನೋಡಿನಲ್ಲಿರುತ್ತದೆ. ಅಲ್ಲಿ ಇಲ್ಲದ್ದು ಒಂದೇ, ಫೈಲಿನ ಹೆಸರು. ಶಾಲೆಯ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹುಡುಗ ಇಲ್ಲವಾಗುವುದಿಲ್ಲ. ಒಬ್ಬನೇ ಹುಡುಗನ ಹೆಸರು ಆಟದ ತಂಡದ ಪಟ್ಟಿಯಲ್ಲೂ ನಾಟಕದ ಪಟ್ಟಿಯಲ್ಲೂ ಬೇರೆ ಬೇರೆ ರೂಪದಲ್ಲಿ ಇರಬಹುದು. ಹಾಗೆಯೇ ಒಂದೇ ಐನೋಡಿಗೆ ಎರಡೋ ಹತ್ತೋ ಹೆಸರುಗಳಿರಬಹುದು. ಅವುಗಳಲ್ಲಿ ಇದು ಅಸಲು, ಅದು ನಕಲು ಎಂಬ ಭೇದವಿಲ್ಲ. 1974ರ ಜುಲೈಯಲ್ಲಿ ಯುನಿಕ್ಸ್ ರೂಪಿಸಿದ ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ತಮ್ಮ ವ್ಯವಸ್ಥೆಯನ್ನು ಲೋಕಕ್ಕೆ ಪರಿಚಯಿಸಿ ಬರೆದ ಲೇಖನದಲ್ಲಿ, ಎಲ್ಲ ಕೊಂಡಿಗಳಿಗೂ ಸಮಾನ ಸ್ಥಾನವಿರುವುದನ್ನು ಯುನಿಕ್ಸ್‌ನ ವೈಶಿಷ್ಟ್ಯವೆಂದೇ ಹೇಳಿದ್ದರು.

ಏಳನೆಯ ಆವೃತ್ತಿಯ ಒಂದು ವಿವರ ನನಗೆ ಬಹಳ ಇಷ್ಟ. ಅಲ್ಲಿ ಅನ್‌ಲಿಂಕ್ ಕರೆದಾಗ ರಿಜಿಸ್ಟರಿನ ಸಾಲಿನಲ್ಲಿ ಸಂಖ್ಯೆಯ ಜಾಗಕ್ಕೆ ಸೊನ್ನೆ ಬೀಳುತ್ತಿತ್ತು, ಅಷ್ಟೇ. ಹೆಸರಿನ 14 ಅಕ್ಷರಗಳು ಹೊಸಬರು ಬಂದು ಆ ಸಾಲನ್ನು ಆಕ್ರಮಿಸುವವರೆಗೂ ಹಾಗೆಯೇ ಉಳಿಯುತ್ತಿದ್ದವು. ಡೈರೆಕ್ಟರಿಯನ್ನೇ ಫೈಲಿನಂತೆ ತೆರೆದು ನೋಡಿದವರಿಗೆ ಅಳಿದ ಹೆಸರುಗಳು ಅಲ್ಲಿ ಸಾಲಾಗಿ ಕಾಣುತ್ತಿದ್ದವು. ಅಳಿಸುವುದೆಂದರೆ ಕೊಂಡಿ ಕಳಚುವುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಐನೋಡಿನಲ್ಲಿ ಇನ್ನೊಂದು ಅಂಕಿಯೂ ಇರುತ್ತದೆ: ತನಗೆ ಎಷ್ಟು ಹೆಸರುಗಳಿವೆ ಎಂಬ ಎಣಿಕೆ. ಪ್ರತಿ ಅನ್‌ಲಿಂಕ್ ಈ ಎಣಿಕೆಯನ್ನು ಒಂದರಷ್ಟು ಇಳಿಸುತ್ತದೆ. ಅದು ಸೊನ್ನೆಗೆ ಇಳಿದೊಡನೆ ಡಿಸ್ಕಿನ ಜಾಗ ಬಿಡುಗಡೆಯಾಗುತ್ತದೆ ಎಂದು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನೆಲ್ ತನ್ನ ಸ್ಮೃತಿಯಲ್ಲಿ ಎರಡನೆಯ ಎಣಿಕೆಯೊಂದನ್ನು ಇಟ್ಟುಕೊಂಡಿರುತ್ತದೆ; ಈ ಫೈಲನ್ನು ಈಗ ಎಷ್ಟು ಕಡೆ ತೆರೆದಿಟ್ಟುಕೊಂಡಿದ್ದಾರೆ ಎಂಬುದು ಅದರ ಲೆಕ್ಕ. ಎರಡೂ ಸೊನ್ನೆಯಾದಾಗ ಮಾತ್ರ ಫೈಲು ನಿಜವಾಗಿ ಸಾಯುತ್ತದೆ.

ಹಲವು ಬಾಗಿಲುಗಳಿರುವ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಬಾಗಿಲುಗಳೆಂದರೆ ಹೆಸರುಗಳು. ಆರ್‌ಎಂ ಒಂದು ಬಾಗಿಲಿಗೆ ಗೋಡೆ ಕಟ್ಟುತ್ತದೆ. ಕೊನೆಯ ಬಾಗಿಲೂ ಮುಚ್ಚಿದ ಮೇಲೆ ಹೊರಗಿನವರು ಯಾರೂ ಒಳಗೆ ಹೋಗಲಾರರು. ಆದರೆ ಒಳಗೆ ಕುಳಿತು ಬರೆಯುತ್ತಿರುವವನಿಗೆ ಇದರ ಪರಿವೆಯೇ ಇರುವುದಿಲ್ಲ, ಅವನು ಬರೆಯುತ್ತಲೇ ಇರುತ್ತಾನೆ, ಕಾಗದ ಖರ್ಚಾಗುತ್ತಲೇ ಇರುತ್ತದೆ. ಅವನು ಎದ್ದುಹೋದ ಮರುಕ್ಷಣ ಕೋಣೆಯನ್ನು ಕೆಡವಿ ನಿವೇಶನವನ್ನು ಬೇರೆಯವರಿಗೆ ಕೊಡಲಾಗುತ್ತದೆ. ಈಗ ಆ ಎರಡು ಆದೇಶಗಳ ಜಗಳವನ್ನು ನೋಡಿ. ಡಿಯು ಬಾಗಿಲಿಂದ ಬಾಗಿಲಿಗೆ ನಡೆದು ಎಣಿಸುವ ಗಣತಿದಾರ. ಬಾಗಿಲಿಲ್ಲದ ಕೋಣೆ ಅವನ ಲೆಕ್ಕಕ್ಕೆ ಬರುವುದಿಲ್ಲ. ಡಿಎಫ್ ಎಲ್ಲಿಗೂ ನಡೆಯುವುದಿಲ್ಲ, ಖಾಲಿ ನಿವೇಶನಗಳ ಒಟ್ಟು ಸಂಖ್ಯೆಯನ್ನು ಫೈಲ್ ಸಿಸ್ಟಮ್ಮಿನ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡಿನ) ಲೆಕ್ಕದಿಂದ ನೇರವಾಗಿ ಓದಿ ಹೇಳುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ನಡುವಿನ 7 ಜಿಬಿ ಬಾಗಿಲಿಲ್ಲದ ಕೋಣೆಯದು.

ರೀಬೂಟ್ ಮಾಡಿದರೆ ಸರಿಹೋಗುವುದು ಇದರಿಂದಲೇ. ಯಂತ್ರವನ್ನು ನಿಲ್ಲಿಸಿದಾಗ ಎಲ್ಲ ಪ್ರೋಗ್ರಾಮುಗಳೂ ಮುಗಿಯುತ್ತವೆ, ತೆರೆದಿದ್ದ ಫೈಲುಗಳೆಲ್ಲ ಮುಚ್ಚುತ್ತವೆ, ಎರಡನೆಯ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಒಬ್ಬನನ್ನು ಕೋಣೆಯಿಂದ ಎಬ್ಬಿಸಲು ಇಡೀ ಕಟ್ಟಡವನ್ನು ಖಾಲಿ ಮಾಡಿಸಿದಂತೆ. ಅವನು ಯಾರೆಂದು ತಿಳಿಯುವ ದಾರಿ ಹಳೆಯ ವ್ಯವಸ್ಥೆಗಳಲ್ಲೂ ಇದೆ. ತೆರೆದಿರುವ ಫೈಲುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಓಎಫ್ ಎಂಬ ಆದೇಶಕ್ಕೆ ಕೂಡಿಸುವ ಗುರುತು, ದೊಡ್ಡ ಎಲ್ ಮತ್ತು 1 ಸೇರಿಸಿ (lsof +L1) ಕೊಟ್ಟರೆ, ಹೆಸರಿನ ಎಣಿಕೆ ಒಂದಕ್ಕಿಂತ ಕಡಿಮೆಯಿದ್ದೂ ತೆರೆದಿರುವ ಫೈಲುಗಳು ಮಾತ್ರ ಪಟ್ಟಿಯಾಗುತ್ತವೆ. ಆ ಪ್ರೋಗ್ರಾಮಿಗೆ ಹ್ಯಾಂಗಪ್ ಎಂಬ ಸಂಕೇತ ಕಳುಹಿಸಿದರೆ, ಹಲವು ಹಿನ್ನೆಲೆ ಸೇವೆಗಳು ಹಳೆಯ ಲಾಗನ್ನು ಮುಚ್ಚಿ ಹೊಸದನ್ನು ತೆರೆಯುತ್ತವೆ.

ಆದ್ದರಿಂದ ಬೆಳೆದ ಲಾಗನ್ನು ಅಳಿಸುವ ಬದಲು ಬರಿದು ಮಾಡುವುದು ಲೇಸು: ಬಾಗಿಲನ್ನು ಮುಚ್ಚದೆ ಕೋಣೆಯೊಳಗಿನ ಕಾಗದವನ್ನು ಮಾತ್ರ ಹೊರಗೆಸೆಯುವ ಕ್ರಮ ಇದು. ಇದರಲ್ಲೂ ಒಂದು ಸೂಕ್ಷ್ಮವಿದೆ. ಪ್ರೋಗ್ರಾಮು ಫೈಲನ್ನು ‘ಸದಾ ತುದಿಗೆ ಸೇರಿಸು’ ಎಂಬ ರೀತಿಯಲ್ಲಿ ತೆರೆಯದೆ ಇದ್ದರೆ, ತಾನು ಬರೆಯುತ್ತಿದ್ದ ಸ್ಥಾನವನ್ನು ಅದು ಮರೆಯುವುದಿಲ್ಲ. ಬರಿದಾದ ಫೈಲಿನ 7ನೆಯ ಜಿಬಿಯ ಗುರುತಿನಿಂದಲೇ ಮುಂದಿನ ಸಾಲು ಬರೆಯುತ್ತದೆ. ಆಗ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ (ls) ಆದೇಶ ತೋರಿಸುವ ಗಾತ್ರ ಮತ್ತೆ 7 ಜಿಬಿಗೆ ನೆಗೆಯುತ್ತದೆ, ಡಿಸ್ಕಿನಲ್ಲಿ ಬಳಕೆಯಾಗಿರುವುದು ಮಾತ್ರ ಕೆಲವೇ ಕಿಲೋಬೈಟ್. ನಡುವೆ ಇರುವುದು ಜಾಗವನ್ನೇ ತಿನ್ನದ ಟೊಳ್ಳು. ಇದನ್ನು ಕಂಡು ಡಿಸ್ಕೇ ಕೆಟ್ಟಿದೆಯೆಂದು ಹೆದರಿದವರನ್ನು ನಾನು ನೋಡಿದ್ದೇನೆ.

ಹೆಸರು ಬೇರೆ, ಫೈಲು ಬೇರೆ ಎಂಬ ಈ ಒಂದೇ ತಿಳಿವು ಇನ್ನೂ ಹಲವು ನಿತ್ಯದ ತೊಡಕುಗಳಿಗೆ ಬೆಳಕು ಚೆಲ್ಲುತ್ತದೆ. ಬರೆಯಲು ಅನುಮತಿಯೇ ಇಲ್ಲದ ಫೈಲನ್ನು ಅಳಿಸಲು ಸಾಧ್ಯವಾಗುವುದೇಕೆಂದು ಕೇಳುವವರುಂಟು. ಅಳಿಸುವಾಗ ತಿದ್ದುವುದು ಫೈಲನ್ನಲ್ಲ, ಡೈರೆಕ್ಟರಿಯೆಂಬ ರಿಜಿಸ್ಟರನ್ನು, ಆದ್ದರಿಂದ ಬೇಕಾದದ್ದು ರಿಜಿಸ್ಟರಿನ ಮೇಲಿನ ಅನುಮತಿ. ಇನ್ನು ಗಿಗಾಬೈಟ್‌ಗಟ್ಟಲೆ ಜಾಗ ಖಾಲಿಯಿದ್ದರೂ ಜಾಗವಿಲ್ಲವೆಂಬ ದೂರು ಬಂದರೆ, ಸಾಮಾನ್ಯವಾಗಿ ಮುಗಿದಿರುವುದು ಐನೋಡುಗಳು. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ (ext) ಬಗೆಯ ಫೈಲ್ ಸಿಸ್ಟಮ್‌ಗಳಲ್ಲಿ ಐನೋಡುಗಳ ಸಂಖ್ಯೆ ಡಿಸ್ಕನ್ನು ಸಿದ್ಧಗೊಳಿಸುವಾಗಲೇ ನಿಗದಿಯಾಗುತ್ತದೆ; ಲಕ್ಷಗಟ್ಟಲೆ ಚಿಕ್ಕ ಫೈಲುಗಳು ಸೇರಿದರೆ ಅದು ಜಾಗಕ್ಕಿಂತ ಮೊದಲೇ ತೀರುತ್ತದೆ. ಡಿಎಫ್‌ಗೆ ಐ ಎಂಬ ಆಯ್ಕೆ ಸೇರಿಸಿ (df -i) ಕೇಳಿದರೆ ಅದು ತಕ್ಷಣ ಗೊತ್ತಾಗುತ್ತದೆ.

ಆ ರಾತ್ರಿ ಎಲ್‌ಎಸ್‌ಓಎಫ್ ತೋರಿಸಿದ ಪ್ರೋಗ್ರಾಮಿಗೆ ನಾನು ಕೂಡಲೇ ಸಂಕೇತ ಕಳುಹಿಸಲಿಲ್ಲ. ಲಿನಕ್ಸ್‌ನಲ್ಲಿ ‘ಪ್ರೋಕ್’ ಎಂಬ ಡೈರೆಕ್ಟರಿಯ ಕೆಳಗೆ ಪ್ರತಿ ಪ್ರೋಗ್ರಾಮಿಗೂ ಒಂದು ಉಪಡೈರೆಕ್ಟರಿ ಇದ್ದು, ಅದು ತೆರೆದಿಟ್ಟ ಫೈಲುಗಳೆಲ್ಲ ಅಲ್ಲಿ ಸಂಖ್ಯೆಗಳ ರೂಪದಲ್ಲಿ ಸಿಗುತ್ತವೆ. 4 ಎಂಬ ಸಂಖ್ಯೆಯ ಮುಂದೆ ನಾನು ಅಳಿಸಿದ್ದ ಲಾಗಿನ ಹೆಸರಿತ್ತು, ಅದರ ಪಕ್ಕದಲ್ಲೇ ಅಳಿಸಲಾಗಿದೆ ಎಂಬ ಗುರುತೂ ಇತ್ತು. ಆ 4ನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೆ. 7 ಜಿಬಿಯೂ ಮರಳಿ ಬಂತು. ತೆರೆದು ನೋಡಿದರೆ, ಇಲ್ಲದ ವಿಳಾಸವೊಂದನ್ನು ತಲುಪಲಾಗಲಿಲ್ಲ ಎಂಬ ಒಂದೇ ಸಾಲು ಸೆಕೆಂಡಿಗೆ ಹಲವು ಬಾರಿಯಂತೆ ವಾರಗಟ್ಟಲೆ ದಾಖಲಾಗಿತ್ತು. ಸೆಟ್ಟಿಂಗ್‌ಗಳ ಫೈಲಿನಲ್ಲಿ ಆ ವಿಳಾಸದ ಒಂದು ಅಂಕಿ ತಪ್ಪಾಗಿತ್ತು. ಅದನ್ನು ತಿದ್ದಿ, ಹ್ಯಾಂಗಪ್ ಸಂಕೇತ ಕಳುಹಿಸಿ, ಮತ್ತೆ ಡಿಎಫ್ ಕೇಳಿದೆ: 12 ಜಿಬಿ.