ನೂರು ರೂಪಾಯಿ ಬಡ್ಡಿಯಲ್ಲಿ ಕೈಗೆಷ್ಟು?

ಬ್ಯಾಂಕಿನ ಗೋಡೆಯ ಮೇಲೆ ಎಫ್‌ಡಿ ಬಡ್ಡಿ ಶೇ 7 ಎಂದಿದ್ದರೂ ಅದು ಎಲ್ಲರಿಗೂ ಏಳಲ್ಲ. ಆದಾಯ ತೆರಿಗೆಯಲ್ಲಿ ಶೇ 30ರ ಸ್ಲ್ಯಾಬಿನವರಿಗೆ, ಅಂದರೆ ಆ ದರದ ಆದಾಯ ಹಂತದವರಿಗೆ, ತೆರಿಗೆ, ಅದರ ಮೇಲಿನ ಸೆಸ್ ಕಳೆದು ಉಳಿಯುವುದು ಶೇ 4.8. ಶೇ 20ರ ಸ್ಲ್ಯಾಬಿನವರಿಗೆ ಶೇ 5.5. ಸಂಬಳದ ರಾಶಿಯ ಮೇಲೆ ಬಡ್ಡಿಯನ್ನು ಪೇರಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಬಡ್ಡಿಗೆ ಬೀಳುವುದು ನಿಮ್ಮ ಮೇಲ್ತುದಿಯ ದರವೇ.

ಆ ಮೇಲ್ತುದಿ ಒಂದು ಕಾಲಕ್ಕೆ ಆಕಾಶದಲ್ಲಿತ್ತು. 1973-74ರಲ್ಲಿ 11 ಸ್ಲ್ಯಾಬ್‌ಗಳಿದ್ದವು. 2 ಲಕ್ಷ ರೂಪಾಯಿ ಮೀರಿದ ಆದಾಯಕ್ಕೆ ಸರ್‌ಚಾರ್ಜ್ ಸೇರಿ ಶೇ 97.75 ತೆರಿಗೆ. ನೂರು ರೂಪಾಯಿ ಬಡ್ಡಿ ಬಂದರೆ ಉಳಿದದ್ದು ಎರಡೂಕಾಲು ರೂಪಾಯಿ. ಅಷ್ಟು ಕಿತ್ತುಕೊಂಡು 'ಉಳಿತಾಯ ಮಾಡಿ' ಎನ್ನಲು ಬಾಯಿ ಬರುತ್ತದೆಯೇ? ಅದಕ್ಕೇ ಹಿಂಬಾಗಿಲುಗಳಿದ್ದವು. 1968ರಲ್ಲಿ ಶುರುವಾದ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ ಪಿಪಿಎಫ್‌ನ ಬಡ್ಡಿಗೆ ತೆರಿಗೆಯೇ ಇಲ್ಲ. ಬ್ಯಾಂಕ್ ಬಡ್ಡಿಗೆ 80ಎಲ್ ಎಂಬ ಸೆಕ್ಷನ್ನಿನಲ್ಲಿ ಒಂದು ಮಿತಿಯವರೆಗೆ ವಿನಾಯಿತಿ.

ಈ ಬಾಗಿಲುಗಳೂ ಎಲ್ಲರಿಗೆ ಒಂದೇ ಅಗಲವಲ್ಲ. ಪಿಪಿಎಫ್‌ನ ಶೇ 7.1 ಬಡ್ಡಿಯನ್ನೇ ನೋಡಿ. ಶೇ 30ರ ಸ್ಲ್ಯಾಬಿನವರು ಅಷ್ಟನ್ನು ಎಫ್‌ಡಿಯಲ್ಲಿ ಪಡೆಯಬೇಕೆಂದರೆ ಬ್ಯಾಂಕು ಶೇ 10.3 ಕೊಡಬೇಕು. ತೆರಿಗೆಯೇ ಕಟ್ಟದವರಿಗೆ 7.1 ಬರೀ 7.1. ವಿನಾಯಿತಿ ಎಂಬುದು ಉಳ್ಳವರಿಗೇ ಹೆಚ್ಚು ಬಡಿಸುವ ಸೌಟು.

1985ರಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಗರಿಷ್ಠ ದರವನ್ನು ಶೇ 50ಕ್ಕೆ ಇಳಿಸಿದರು, 1997ರಲ್ಲಿ ಚಿದಂಬರಂ 30ಕ್ಕೆ. ದರ ಇಳಿದ ಮೇಲೆ ಬಾಗಿಲುಗಳೂ ಮುಚ್ಚತೊಡಗಿದವು. 2005ರ ಬಜೆಟ್‌ನಲ್ಲಿ 80ಎಲ್ ಹೋಯಿತು. 2020ರಲ್ಲಿ ಡಿವಿಡೆಂಡ್ ಸ್ಲ್ಯಾಬಿನೊಳಗೆ ಬಂತು. ಅದೇ ವರ್ಷ ಬಂದ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಪಿಪಿಎಫ್‌ನಂಥ ಉಳಿತಾಯದ ಮೇಲಿನ 80ಸಿ ವಿನಾಯಿತಿ ಇಲ್ಲ. 2023ರ ಏಪ್ರಿಲ್ ನಂತರ ಕೊಂಡ ಡೆಟ್ ಫಂಡ್‌ಗಳ (ಸಾಲಪತ್ರಗಳಲ್ಲಿ ಹಣ ಹೂಡುವ ಮ್ಯೂಚುವಲ್ ಫಂಡ್‌ಗಳ) ಲಾಭವೂ ಸ್ಲ್ಯಾಬಿಗೇ. ಷೇರುಗಳ ಕಥೆ ಬೇರೆ: ವರ್ಷ ಮೀರಿ ಇಟ್ಟು ಮಾರಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ 12.5, ಸ್ಲ್ಯಾಬ್ ಯಾವುದೇ ಇರಲಿ. ಠೇವಣಿ ಬರುತ್ತಿಲ್ಲ ಎಂದು ಗೊಣಗುವ ಬ್ಯಾಂಕುಗಳಿಗೆ ಅರ್ಧ ಉತ್ತರ ಇಲ್ಲೇ ಇದೆ.

2025ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಕೊಟ್ಟು ತೆರಿಗೆಯನ್ನು ಸೊನ್ನೆ ಮಾಡಿತು. ಆ ಗೆರೆಯೊಳಗಿನವರಿಗೆ ಗೋಡೆಯ ಮೇಲಿನ ಏಳು ನಿಜಕ್ಕೂ ಏಳೇ. ಸರಿಯಾಗಿ ಗೆರೆಯ ಮೇಲೆ ನಿಂತವರಿಗೆ ಎಫ್‌ಡಿಯಿಂದ ಇನ್ನೂ 50,000 ರೂಪಾಯಿ ಬಡ್ಡಿ ಬಂತೆನ್ನಿ. ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಕೇಳಬಾರದೆಂಬ ಮಾರ್ಜಿನಲ್ ರಿಲೀಫ್ ಇದೆ, ನಿಜ. ಆದರೆ ಅಷ್ಟನ್ನಂತೂ ಪೂರ್ತಿ ಕೇಳುತ್ತಾರೆ: ತೆರಿಗೆ 50,000, ಮೇಲೆ ಸೆಸ್ 2,000. ಸುಮಾರು 12.70 ಲಕ್ಷದವರೆಗೂ ಇದೇ ಲೆಕ್ಕ. 1973ರಲ್ಲಿ ಎರಡೂಕಾಲು ರೂಪಾಯಿಯಾದರೂ ಉಳಿಯುತ್ತಿತ್ತು.