ಸ್ಥಿತಿಸ್ಥಾಪಕತ್ವ ಅಂದ್ರೆ ಹಿಗ್ಗೋದಲ್ಲ ಮಾರಾಯ್ರೇ

ಮೊನ್ನೆ ಆಗುಂಬೆ ಘಾಟಿ ಇಳೀತಾ ಇದ್ವಿ, ಕಿವಿ ಮುಚ್ಕೊಳ್ತು. ಪಕ್ಕದಲ್ಲಿದ್ದ ಭಾವ "ಕಿವಿತಮಟೆಗೆ ಸ್ಥಿತಿಸ್ಥಾಪಕತ್ವ ಇರುತ್ತೆ, ರಬ್ಬರ್ ಥರ ಎಷ್ಟು ಬೇಕಾದ್ರೂ ಹಿಗ್ಗುತ್ತೆ" ಅಂತ ವಾಟ್ಸಾಪಲ್ಲಿ ಬಂದಿದ್ದನ್ನ ಓದಿ ಹೇಳಿದ್ರು. ಈ ತಪ್ಪು ಎಷ್ಟನೇ ಸಲ ಕೇಳ್ತಿದೀನೋ ಲೆಕ್ಕ ಇಲ್ಲ.

ಪದ ಬಿಡಿಸಿ ನೋಡಿ: ಸ್ಥಿತಿಯನ್ನ ಮತ್ತೆ ಸ್ಥಾಪಿಸೋದು. ಹಿಗ್ಗೋದಕ್ಕೆ ಅಲ್ಲಿ ಜಾಗಾನೇ ಇಲ್ಲ. ಇದು ಪಠ್ಯಪುಸ್ತಕದವರು ಹೊಸದಾಗಿ ಕಟ್ಟಿದ ಪದಾನೂ ಅಲ್ಲ, ಹಳೇ ತರ್ಕಶಾಸ್ತ್ರದಲ್ಲಿ ಸಂಸ್ಕಾರ (ಅಂದ್ರೆ ಒಳಗೆ ಅಚ್ಚೊತ್ತಿ ಉಳಿಯೋ ಗುಣ) ಮೂರು ಥರ ಅಂತಾರೆ, ವೇಗ, ಭಾವನೆ, ಸ್ಥಿತಿಸ್ಥಾಪಕ. ಮೂರನೇದಕ್ಕೆ ಅವರು ಕೊಡೋ ಉದಾಹರಣೆ ಚಾಪೆ! ಸುತ್ತಿಟ್ಟ ಚಾಪೆ ಹಾಸಿದ್ರೆ ತುದಿ ಮತ್ತೆ ಸುರುಳಿ ಆಗುತ್ತಲ್ಲ, ಅದು. ಭಾವನೆ ಅಂದ್ರೆ ಅಲ್ಲಿ ನೆನಪು ಹುಟ್ಟಿಸೋ ಸಂಸ್ಕಾರ, ಚಾಪೆಯ ಹಠಾನೂ ನೆನಪೂ ಒಂದೇ ಮನೆಯವು ಅಂದಂಗಾಯ್ತು.

ನಮ್ಮ ಕಡೆ ಉದಾಹರಣೆ ಬೇಕಾದ್ರೆ ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಜೀಕೋದು ನೋಡಿ. ಮರ ಬಾಗುತ್ತೆ, ಆತ ಕೈ ಬಿಟ್ಟ ಕೂಡ್ಲೇ ನೆಟ್ಟಗಾಗುತ್ತೆ, ಒಂದಿಂಚೂ ಉದ್ದ ಆಗಲ್ಲ.

ಎಷ್ಟು ಬಲ ಹಾಕಿದ್ರೆ ಎಷ್ಟು ಬಗ್ಗುತ್ತೆ ಅನ್ನೋದು ಬೇರೆ ಲೆಕ್ಕ, ಅದಕ್ಕೆ ಯಂಗ್ ಗುಣಾಂಕ ಅಂತಾರೆ. ಅಂಕಿ ದೊಡ್ಡದಾದಷ್ಟೂ ಬಗ್ಗಿಸೋದು ಕಷ್ಟ. ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಮಾಮೂಲಿ ರಬ್ಬರಿಗೆ ಕೆಲವೇ ಮೆಗಾಪಾಸ್ಕಲ್ (ಸಾವಿರ ಮೆಗಾ ಸೇರಿದ್ರೆ ಒಂದು ಗಿಗಾ). ಕಿವಿಯ ಸಂಶೋಧನೆಗೆ 1961ರಲ್ಲಿ ನೊಬೆಲ್ ತಗೊಂಡ ಬೆಕೆಶಿ ಅನ್ನೋ ವಿಜ್ಞಾನಿ ಸತ್ತ ಮನುಷ್ಯರ ಕಿವಿತಮಟೆಯ ತುಂಡು ಬಗ್ಗಿಸಿ ಅಳೆದಾಗ ಸಿಕ್ಕಿದ್ದು 20 ಮೆಗಾಪಾಸ್ಕಲ್. ಅಂದ್ರೆ ಭಾವ ಹೇಳಿದ ರಬ್ಬರಿಗಿಂತ ಗಟ್ಟಿ.

ಆಮೇಲೆ ಬೆಕ್ಕು, ಜೆರ್ಬಿಲ್ ಅನ್ನೋ ಮರಳುಗಾಡಿನ ಇಲಿ, ಚಿಂಚಿಲಾ ಅನ್ನೋ ಇಲಿ ಜಾತಿಯ ಪ್ರಾಣಿ ಇವುಗಳ ಕಿವೀಲೂ ಅಳೆದ್ರು. ತಮಟೆಯ ಪೊರೆಯಿಂದ ಪಟ್ಟಿ ಕತ್ತರಿಸಿ ಎಳೀತಾರೆ, ಇಲ್ಲಾ ಸಣ್ಣ ಮೊನೆಯಿಂದ ಒತ್ತಿ ನೋಡ್ತಾರೆ, ಇಲ್ಲಾ ಗಾಳಿ ಒತ್ತಡ ಕೊಟ್ಟು ಎಷ್ಟು ಉಬ್ಬಿತು ಅಂತ ಬೆಳಕಲ್ಲಿ ಅಳೀತಾರೆ, ಶಬ್ದಕ್ಕೆ ಹೇಗೆ ನಡುಗುತ್ತೆ ಅಂತ ಲೇಸರಲ್ಲೂ ನೋಡ್ತಾರೆ. ಒಂದೊಂದು ವಿಧಾನಕ್ಕೆ ಒಂದೊಂದು ಅಂಕಿ ಬರುತ್ತೆ, ಯಾಕಂದ್ರೆ ಪೊರೆ ಎಲ್ಲಾ ಕಡೆ ಒಂದೇ ದಪ್ಪ ಇರಲ್ಲ, ನಾರುಗಳೂ ಕೆಲವು ನಡುವಿಂದ ಅಂಚಿಗೆ, ಕೆಲವು ಸುತ್ತ ಬಳೆ ಥರ ಇರ್ತವೆ. ಒಣಗಿದ್ರಂತೂ ಅಳತೆ ಕೆಟ್ಟಂಗೇ, ಅಡಿಕೆ ಹಾಳೆ ನೆನೆಸಿದಾಗ ಹೇಳಿದಂಗೆ ಬಗ್ಗಿ ಒಣಗಿದ ಮೇಲೆ ಸೆಟೆದು ನಿಲ್ಲಲ್ವಾ, ಅದಕ್ಕೇ ಉಪ್ಪುನೀರಿನ ದ್ರಾವಣದಲ್ಲಿ ಒದ್ದೆ ಇಟ್ಕೊಂಡೇ ಕೆಲಸ ಮಾಡ್ತಾರೆ.

ಇನ್ನೊಂದು, ಎಳೆದು ಹಾಗೇ ಹಿಡ್ಕೊಂಡ್ರೆ ಪೊರೆಯ ಬಿಗಿ ನಿಧಾನಕ್ಕೆ ಇಳಿಯುತ್ತೆ. ಹಾಗಾಗಿ ಇದು ಶುದ್ಧ ಸ್ಥಿತಿಸ್ಥಾಪಕ ವಸ್ತೂನೂ ಅಲ್ಲ, ಜೇನುತುಪ್ಪದ ಥರ ನಿಧಾನಕ್ಕೆ ಹರಿಯೋ ಗುಣಾನೂ ಸ್ವಲ್ಪ ಇದೆ.

ಘಾಟಿ ಬುಡದ ಸೋಮೇಶ್ವರ ಬರೋ ಹೊತ್ತಿಗೆ ಭಾವ ದೊಡ್ಡದಾಗಿ ಆಕಳಿಸಿದ್ರು, ನಂಗೂ ಆಕಳಿಕೆ ಬಂತು. ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗಿ, ಒಳಕ್ಕೆ ತಳ್ಳಿಸ್ಕೊಂಡಿದ್ದ ತಮಟೆ ತನ್ನ ಜಾಗಕ್ಕೆ ಬಂತು. ಸ್ಥಿತಿಸ್ಥಾಪಕ ಅಂದ್ರೆ ಇದು ಭಾವ ಅಂದೆ, ಅಷ್ಟೊತ್ತಿಗೆ ಅವರಿಗೆ ನಿದ್ದೆ.